ಕರೆಂಟ್ ಬಳಕೆಗೆ ಮಿತಿ ಹಾಕಿದರೆ ಮನೆಯವರು ಒಪ್ತಾರಾ?

ಈ ಪಾಠದಲ್ಲಿ 'ಮಿತಿ' ಅಂದ ತಕ್ಷಣ ನಮಗೆ ಲೋಡ್ ಶೆಡ್ಡಿಂಗ್ ನೆನಪಾಗುತ್ತದೆ. ಅದಲ್ಲ. ಲೋಡ್ ಶೆಡ್ಡಿಂಗ್‌ನಲ್ಲಿ ಇಡೀ ಬೀದಿಯ ಕರೆಂಟ್ ಹೋಗುತ್ತದೆ, ಯಾರನ್ನೂ ಕೇಳುವುದಿಲ್ಲ. ಇಲ್ಲಿ ಕರೆಂಟ್ ಕಂಪನಿಯವರು ಮೊದಲೇ ಕೇಳುತ್ತಾರೆ: ಬಿಲ್ಲಿನಲ್ಲಿ ಇಷ್ಟು ಬಿಟ್ಟರೆ, ಇಷ್ಟಕ್ಕಿಂತ ಜಾಸ್ತಿ ಬಳಸದೆ ಇರ್ತೀರಾ?

ಮಿತಿ ಎರಡು ತರಹ. ಒಂದು ಒಟ್ಟು ಯೂನಿಟ್‌ಗೆ, ಇನ್ನೊಂದು ಒಂದೇ ಹೊತ್ತಿಗೆ ಎಳೆಯುವ ಲೋಡ್‌ಗೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಓಡಿದರೆ 1 ಯೂನಿಟ್. 10 ವ್ಯಾಟ್ ಎಲ್‌ಇಡಿ ಬಲ್ಬ್ 100 ಗಂಟೆ ಉರಿದರೂ 1 ಯೂನಿಟ್ಟೇ. ಮೀಟರಿಗೆ ಎರಡೂ ಒಂದೇ. ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿಗೆ ಒಂದೇ ಅಲ್ಲ, ಅದಕ್ಕೆ ಗೀಸರೇ ಭಾರ.

ಯೂನಿಟ್ ಮಿತಿಗೆ ದೂರ ಹೋಗಬೇಕಿಲ್ಲ, 2023ರ ಗೃಹಜ್ಯೋತಿ ನೋಡಿ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ 100 ಯೂನಿಟ್ ಇದ್ದರೆ, ಶೇ 10 ಸೇರಿಸಿ 110 ಉಚಿತ. 130 ಬಳಸಿದರೆ 20ಕ್ಕೆ ದುಡ್ಡು. 200 ದಾಟಿದರೆ ಮಾತ್ರ ಪೂರ್ತಿ ಬಿಲ್. ತಿಂಗಳ ಕೊನೆಗೆ ಜನ ಮೀಟರ್ ಬಗ್ಗಿ ನೋಡೋದು ಸುಮ್ನೆ ಅಲ್ಲ. ಯಾರೂ ಬಂದು ಸ್ವಿಚ್ ಆರಿಸದೆಯೇ ಮಿತಿ ಕೆಲಸ ಮಾಡುತ್ತಿದೆ.

ಲೋಡ್ ಮಿತಿಯ ಕಥೆ ಬೇರೆ. ಮಂಡ್ಯದ ನಮ್ಮ ಪಕ್ಕದ ಮನೆ ಅಕ್ಕನನ್ನು ಕೇಳಿದೆ: "ಸಾಯಂಕಾಲ ಆರರಿಂದ ಹತ್ತರವರೆಗೆ ಗೀಸರ್, ಮೋಟಾರ್, ಮಿಕ್ಸಿ ಒಟ್ಟಿಗೆ ಹಾಕಬೇಡಿ ಅಂದ್ರೆ ಒಪ್ತೀರಾ?" ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಗೀಸರ್ ಬೆಳಿಗ್ಗೆ ಹಾಕ್ಕೊಬೋದು. ಚಟ್ನಿ ಮಧ್ಯಾಹ್ನಾನೇ ರುಬ್ಬಿಡ್ತೀನಿ. ಮೋಟಾರ್ ಮಾತ್ರ ಮುಟ್ಬೇಡ ಕಣಪ್ಪ, ನಲ್ಲೀಲಿ ನೀರು ಬರೋದೇ ಏಳು ಗಂಟೆಗೆ." ಅಂದರೆ ಯಾವ ಕೆಲಸವನ್ನು ಬೇರೆ ಹೊತ್ತಿಗೆ ಹಾಕಬಹುದು ಅನ್ನುವುದೇ ಒಪ್ಪಿಗೆಯ ಬೆಲೆ ತೀರ್ಮಾನಿಸುತ್ತದೆ. ಸಂಬಳ ಎಷ್ಟು ಅನ್ನುವುದಷ್ಟೇ ಅಲ್ಲ.

ಪರೀಕ್ಷೆಗೆ ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. "ಮಿತಿ ಬೇಡ ಅಂದ್ರೆ ಎಷ್ಟು ಕೊಡ್ತೀರಿ?" ಮತ್ತು "ಮಿತಿ ಒಪ್ಪೋಕೆ ಎಷ್ಟು ಬೇಕು?" ಒಂದೇ ಪ್ರಶ್ನೆ ಅಲ್ಲ. ಎರಡನೆಯದಕ್ಕೆ ಜನ ಸಾಮಾನ್ಯವಾಗಿ ಜಾಸ್ತಿ ಮೊತ್ತ ಹೇಳುತ್ತಾರೆ. ಕೈಯಲ್ಲಿರುವುದನ್ನು ಬಿಟ್ಟುಕೊಡುವುದು ಕಷ್ಟ, ಅಲ್ವಾ? ಅಕ್ಕನೂ ಹಾಗೇ. ತಿಂಗಳಿಗೆ 50 ರೂಪಾಯಿ ಕೊಟ್ಟು ತಪ್ಪಿಸಿಕೊಳ್ತೀರಾ ಅಂದರೆ "ಅಯ್ಯೋ, ಯಾಕೆ ಕೊಡ್ಲಿ" ಅಂದರು. ಅದೇ 50 ತಗೊಂಡು ಒಪ್ತೀರಾ ಅಂದರೆ, "ಐವತ್ತಕ್ಕಾ?" ಅಂತ ನಕ್ಕರು.

ಆಮೇಲೆ ಅವರೇ ಒಂದು ಪ್ರಶ್ನೆ ಹಾಕಿದರು, ನನ್ನ ನೋಟ್ಸಿನಲ್ಲಿ ಅದಿರಲೇ ಇಲ್ಲ: "ಪಿತೃಪಕ್ಷಕ್ಕೆ ಎಡೆ ಇಡೋ ದಿನ ಮನೆ ತುಂಬ ಜನ ಇರ್ತಾರೆ. ಅವತ್ತೊಂದು ದಿನ ಮಿತಿ ತೆಗೆಯೋ ಸ್ವಿಚ್ಚು ನನ್ನ ಕೈಲಿರುತ್ತೋ, ಅವರ ಕೈಲಿರುತ್ತೋ?"