ಬೆಂಗಳೂರಿನ ಗಾಳಿ ಚಳಿಗಾಲದಲ್ಲೇ ಯಾಕೆ ಕೆಡುತ್ತೆ

ಮಳೆಗಾಲ ಪೂರ್ತಿ ಗಾಳಿ ಗುಣಮಟ್ಟ ತೋರಿಸೋ ಆ್ಯಪಲ್ಲಿ ಬೆಂಗಳೂರಿನ ಗಾಳಿ ಹಸಿರು ಬಣ್ಣದಲ್ಲೇ ಇರುತ್ತೆ, ದೀಪಾವಳಿ ಕಳೆದ್ಮೇಲೆ ಆಗಾಗ ಹಳದಿಗೆ ತಿರುಗೋಕೆ ಶುರುವಾಗುತ್ತೆ. ಹಂಗಂತ ಮಳೆಗಾಲದಲ್ಲಿ ಗಾಡಿಗಳೇನೂ ಕಮ್ಮಿ ಆಗಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಮಳೆ ಬಂದ್ರೆ ಇಂಜಿನ್ ಆನ್ ಮಾಡ್ಕೊಂಡು ನಿಲ್ಲೋದು ಇನ್ನೂ ಜಾಸ್ತೀನೇ. ಪಶ್ಚಿಮದಿಂದ ಬೀಸೋ ಮುಂಗಾರು ಗಾಳಿ ಹೊಗೇನ ಊರಾಚೆ ಹೊತ್ಕೊಂಡು ಹೋಗುತ್ತೆ, ಉಳಿದಿದ್ದನ್ನ ಮಳೆ ತೊಳೆಯುತ್ತೆ, ಅಷ್ಟೇ. ಡಿಸೆಂಬರ್, ಜನವರಿಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಕೆಳಗಿನ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ, ಹಿಂಗಾದಾಗ ಹೊಗೆ ಮುಚ್ಚಳ ಹಾಕಿದ ಪಾತ್ರೆಯೊಳಗೆ ಇದ್ದಂಗೆ ಬಿಸಿಲೇರೋ ತನಕ ಕೆಳಗೇ ಸುತ್ತುತ್ತೆ.

ಧೂಳು ಎಲ್ಲಿಂದ ಬರುತ್ತೆ ಅಂತ ಸರಿಯಾಗಿ ಹುಡುಕಿದ್ದು ತಡವಾಗಿ. ದೇಶದ 1994ರ ಗಾಳಿ ಗುಣಮಟ್ಟದ ಮಾನದಂಡದಲ್ಲಿ ಪಿಎಂ 2.5, ಅಂದ್ರೆ 2.5 ಮೈಕ್ರಾನ್ ತನಕದ ತೀರಾ ಸಣ್ಣ ಕಣ, ಅನ್ನೋದೇ ಇರ್ಲಿಲ್ಲ, ಅದು ಸೇರಿದ್ದು 2009ರಲ್ಲಿ. ಅದೇ ಹೊತ್ತಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆರು ಊರುಗಳಲ್ಲಿ ಅಧ್ಯಯನ ಮಾಡಿಸ್ತು, ಬೆಂಗಳೂರಿನದ್ದು ಟೆರಿ ಅನ್ನೋ ಸಂಶೋಧನಾ ಸಂಸ್ಥೆ ಮಾಡಿದ್ದು. ಗಾಳಿನ ಫಿಲ್ಟರ್ ಮೂಲಕ ಎಳೆದು, ಅದರ ಮೇಲೆ ಕೂತ ಧೂಳನ್ನ ಲ್ಯಾಬಲ್ಲಿ ಬಿಡಿಸಿ ನೋಡ್ತಾರೆ: ಸಿಲಿಕಾನ್, ಅಲ್ಯೂಮಿನಿಯಂ ಜಾಸ್ತಿ ಇದ್ರೆ ಮಣ್ಣು, ಕಪ್ಪು ಇಂಗಾಲ ಜಾಸ್ತಿ ಇದ್ರೆ ಡೀಸೆಲ್ ಥರದ ಹೊಗೆ, ಪೊಟ್ಯಾಸಿಯಂ ಇದ್ರೆ ಸೌದೆ ಎಲೆ ಸುಟ್ಟಿದ್ದು. ಇದರ ಜೊತೆ ಎಲ್ಲೆಲ್ಲಿಂದ ಎಷ್ಟು ಹೊಗೆ, ಧೂಳು ಏಳುತ್ತೆ ಅಂತಾನೂ ಲೆಕ್ಕ ಹಾಕಿದ್ರು. ಆ ಲೆಕ್ಕದಲ್ಲಿ ಪಿಎಂ 10ರಲ್ಲಿ, ಅಂದ್ರೆ 10 ಮೈಕ್ರಾನ್ ತನಕದ ಕಣಗಳಲ್ಲಿ, ವಾಹನಗಳ ಪಾಲು 42%, ರಸ್ತೆ ಧೂಳು 20%.

ಇಷ್ಟು ಗೊತ್ತಿದ್ರೂ ದುಡ್ಡು ಹೋಗಿದ್ದು ರಸ್ತೆ ಧೂಳಿಗೆ, ನನಗೆ ಸಿಟ್ಟು ಬರೋದು ಇಲ್ಲೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ, ಆದ್ರೆ ಊರುಗಳಿಗೆ ಮಾರ್ಕ್ಸ್ ಕೊಡೋದು ದಪ್ಪ ಧೂಳನ್ನೂ ಸೇರಿಸಿ ಅಳೆಯೋ ಪಿಎಂ 10 ನೋಡಿ. ದೇಶದಾದ್ಯಂತ ಇದಕ್ಕೆ ಖರ್ಚಾದ ಹಣದಲ್ಲಿ 64% ರಸ್ತೆ ಧೂಳಿಗೇ ಹೋಗಿದೆ ಅಂತ 2024ರಲ್ಲಿ ಸಿಎಸ್ಇ ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯ ವರದಿ ಹೇಳ್ತು. ಶ್ವಾಸಕೋಶದ ಆಳಕ್ಕಿಳಿದು ರಕ್ತಕ್ಕೂ ಸೇರೋದು ಹೊಗೆಯ ಸಣ್ಣ ಕಣ, ಅದನ್ನ ರಸ್ತೆ ಗುಡಿಸೋ ಮಷೀನ್ ಹಿಡಿಯಲ್ಲ.

ಫೆಬ್ರವರಿ, ಮಾರ್ಚಲ್ಲಿ ಮರಗಳು ಎಲೆ ಉದುರಿಸ್ತವೆ, ಬೆಳಗ್ಗೆ ಗುಡಿಸಿ ಫುಟ್‌ಪಾತ್ ಪಕ್ಕ ರಾಶಿ ಹಾಕಿ ಬೆಂಕಿ ಇಡ್ತಾರೆ, ಒಳಗೆ ಪ್ಲಾಸ್ಟಿಕ್ ಕವರೂ ಸೇರಿರುತ್ತೆ, ಅದೂ ಗಾಳಿ ಇನ್ನೂ ಮೇಲೇಳದ ಹೊತ್ತಲ್ಲಿ. ಇದನ್ನ ತಡೆಯೋಕೆ ಹೊಸ ಕಾನೂನೇನೂ ಬೇಕಿಲ್ಲ, ಬಯಲಲ್ಲಿ ಕಸ ಸುಟ್ರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದ್ರೆ 25,000 ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ.