ಪದ ಪರಿಚಯ: ಅಮೆರಿಕದ ಹಳೇ ಕಾಲೇಜ್ ಫುಟ್‌ಬಾಲ್‌ನಲ್ಲಿ ‘ಸೀಸನ್’

ಅಮೆರಿಕದ ಕಾಲೇಜ್ ಫುಟ್‌ಬಾಲ್ ಬಗ್ಗೆ ಓದುವಾಗ ‘ಸೆವಾನೀ, 1899ರ ಸೀಸನ್, 12–0’ ಎಂಬಂಥ ಸಾಲು ಸಿಗುತ್ತದೆ. ಸೆವಾನೀ ಒಂದು ಕಾಲೇಜು. ಈ 12–0 ಒಂದು ಪಂದ್ಯದ ಸ್ಕೋರ್ ಅಲ್ಲ. ಆ ವರ್ಷ 12 ಗೆಲುವು, ಸೋಲು ಒಂದೂ ಇಲ್ಲ ಅಂತ ಅರ್ಥ. ಡ್ರಾ ಆಗಿದ್ದರೆ ಕೊನೆಗೆ ಇನ್ನೊಂದು ಅಂಕಿ ಸೇರುತ್ತದೆ. ಇದು ನಮ್ಮ ಕಾಲ್ಚೆಂಡಿನ ಆಟವೂ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಅಡ್ಡ ಬಂದವರನ್ನು ನೂಕಿಕೊಂಡು ಓಡುವ ಆಟ.

ಒಂದು ತಂಡ ಒಂದು ವರ್ಷ ಆಡಿದ ಪಂದ್ಯಗಳೆಲ್ಲ ಸೇರಿ ಒಂದು ಸೀಸನ್. ಐಪಿಎಲ್ ನೋಡುವ ನಮಗೆ ಸೀಸನ್ ಅಂದರೆ ಮೊದಲೇ ನಿಗದಿಯಾದ ವೇಳಾಪಟ್ಟಿ, ಪಾಯಿಂಟ್ಸ್ ಟೇಬಲ್, ಫೈನಲ್. ಆಗ ಅದ್ಯಾವುದೂ ಇರಲಿಲ್ಲ. 1869ರ ಮೊಟ್ಟಮೊದಲ ಸೀಸನ್‌ನಲ್ಲಿ ನಡೆದದ್ದು ಎರಡೇ ಪಂದ್ಯ. ನವೆಂಬರ್ 6ರಂದು ರಟ್ಗರ್ಸ್ ತಂಡ ಪ್ರಿನ್ಸ್‌ಟನ್ ವಿರುದ್ಧ 6–4ರಲ್ಲಿ ಗೆದ್ದಿತು. ಮುಂದಿನ ವಾರ ಪ್ರಿನ್ಸ್‌ಟನ್ 8–0ರಲ್ಲಿ ಸೇಡು ತೀರಿಸಿಕೊಂಡಿತು. ಮೂರನೇ ಪಂದ್ಯ ನಡೆಯಲೇ ಇಲ್ಲ. ಅಲ್ಲಿಗೆ ಸೀಸನ್ ಮುಗಿಯಿತು!

ಹಾಗಾದರೆ ಯಾರ ಜೊತೆ, ಯಾವಾಗ ಆಡಬೇಕು ಅಂತ ಯಾರು ಗೊತ್ತು ಮಾಡುತ್ತಿದ್ದರು? ಎಷ್ಟೋ ಕಡೆ ಮ್ಯಾನೇಜರ್ ಆಗಿದ್ದ ಒಬ್ಬ ವಿದ್ಯಾರ್ಥಿ. ಎದುರಾಳಿಗಳನ್ನು ಒಪ್ಪಿಸುವುದು, ರೈಲು ಹೊಂದಿಸುವುದು, ಟಿಕೆಟ್ ದುಡ್ಡಿನಲ್ಲಿ ಯಾರಿಗೆಷ್ಟು ಅಂತ ಮಾತಾಡುವುದು, ಎಲ್ಲ ಅವನ ತಲೆ ಮೇಲೆ. ಹಳೇ ಸೀಸನ್ ಅರ್ಥವಾಗಬೇಕಾದರೆ ಆಟಗಾರರಷ್ಟೇ ಈ ಹುಡುಗನನ್ನೂ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಟೆನೆಸಿ ರಾಜ್ಯದ ಬೆಟ್ಟದ ಮೇಲಿನ ಪುಟ್ಟ ಕಾಲೇಜು ಸೆವಾನೀಯಲ್ಲಿ 1899ರಲ್ಲಿ ಆ ಕೆಲಸ ಲ್ಯೂಕ್ ಲೀಯದು. ಮುಂದೆ ಅಮೆರಿಕದ ಸೆನೆಟರ್ ಆದವನು ಇವನೇ. ಟಿಕೆಟ್ ದುಡ್ಡಿನ ಜಗಳದಲ್ಲಿ ವ್ಯಾಂಡರ್‌ಬಿಲ್ಟ್ ಜೊತೆಗಿನ ಪಂದ್ಯ ಕೈತಪ್ಪಿತ್ತು. ಅದರ ಆದಾಯ ತುಂಬಿಕೊಳ್ಳಬೇಕಲ್ಲ? ಅದಕ್ಕೆ ಅವನು ಹಾಕಿದ ಪ್ಲಾನ್ ನೋಡಿ. ನವೆಂಬರ್ 9ಕ್ಕೆ ಆಸ್ಟಿನ್‌ನಲ್ಲಿ ಟೆಕ್ಸಸ್, 10ಕ್ಕೆ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ, 11ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್. ಭಾನುವಾರ ರಜೆ. 13ಕ್ಕೆ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್, 14ಕ್ಕೆ ಮೆಂಫಿಸ್‌ನಲ್ಲಿ ಮಿಸಿಸಿಪಿ. ಆರು ದಿನ, ಐದು ಪಂದ್ಯ. ಇಡೀ ಪ್ರವಾಸ ಸುಮಾರು 4,000 ಕಿಲೋಮೀಟರ್, ಅದೂ ರೈಲಿನಲ್ಲಿ. ಹೊಸ ಊರಿನ ನೀರು ಕುಡಿದು ಹೊಟ್ಟೆ ಕೆಡದಿರಲಿ ಅಂತ ಸೆವಾನೀಯ ಊಟೆ ನೀರನ್ನು ಪೀಪಾಯಿಗಳಲ್ಲಿ ತುಂಬಿ ಜೊತೆಗೇ ಒಯ್ದಿದ್ದರು.

ಐದೂ ಪಂದ್ಯ ಗೆದ್ದರು: 12–0, 10–0, 23–0, 34–0, 12–0. ನನಗೆ ಬೆರಗು ಹುಟ್ಟಿಸುವುದು ಎದುರಾಳಿಗಳ ಕಡೆಯ ಆ ಐದು ಸೊನ್ನೆಗಳು. ಯಾಕೆಂದರೆ ಆಗ ದಾಳಿಗೆ ಬೇರೆ, ರಕ್ಷಣೆಗೆ ಬೇರೆ ತಂಡ ಇಲ್ಲ. ಅದೇ ಹನ್ನೊಂದು ಜನ ಎರಡೂ ಮಾಡಬೇಕು. ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ವಾಪಸ್ ಬರುವ ಹಾಗಿಲ್ಲ. ಹೆಲ್ಮೆಟ್ ಕಡ್ಡಾಯವಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವ ಅವಕಾಶ ಸಿಕ್ಕಿದ್ದು 1906ರಲ್ಲಿ. ಅಲ್ಲಿಯವರೆಗೆ ಬರೀ ಮೈ ತಾಗಿಸಿ ನುಗ್ಗುವುದೇ ಆಟ. ಟೆಕ್ಸಸ್ ವಿರುದ್ಧ ಕ್ಯಾಪ್ಟನ್ ಹೆನ್ರಿ ಸೀಬಲ್ಸ್ ತಲೆ ಒಡೆದು ರಕ್ತ ಸೋರಿದರೂ ಪಟ್ಟಿ ಹಾಕಿಸಿಕೊಂಡು ಆಡಿದ.

ಆದರೆ ಎಲ್ಲ 12–0 ಸೀಸನ್‌ಗಳೂ ಒಂದೇ ತೂಕದವಲ್ಲ. ಹಳೇ ಸೀಸನ್‌ಗಳಲ್ಲಿ ಮೆಡಿಕಲ್ ಕಾಲೇಜು, ಊರಿನ ಅಥ್ಲೆಟಿಕ್ ಕ್ಲಬ್ಬುಗಳ ವಿರುದ್ಧದ ಗೆಲುವೂ ಲೆಕ್ಕಕ್ಕೆ ಸೇರುತ್ತಿತ್ತು. ಸೆವಾನೀ ಕೂಡ ಕಂಬರ್ಲೆಂಡ್ ಎಂಬ ಕಾಲೇಜನ್ನು 71–0ರಲ್ಲಿ ಬಗ್ಗುಬಡಿದಿತ್ತು. ಅದಕ್ಕೇ ಗೆಲುವಿನ ಸಂಖ್ಯೆ ನೋಡಿದರೆ ಸಾಲದು, ಎದುರಾಳಿ ಯಾರು, ಪಂದ್ಯಗಳ ನಡುವೆ ಎಷ್ಟು ದಿನ ಬಿಡುವಿತ್ತು ಅಂತಲೂ ನೋಡಬೇಕು.

ಹಾಗೆ ನೋಡಿದರೆ ನವೆಂಬರ್ 30ರ ಪಂದ್ಯಕ್ಕೆ ಜಾಸ್ತಿ ತೂಕ. ಆಬರ್ನ್ ತಂಡದ ಕೋಚ್ ಜಾನ್ ಹೈಸ್‌ಮನ್. ಇವತ್ತು ಕಾಲೇಜ್ ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಇರುವುದು ಅವರ ಹೆಸರಲ್ಲೇ. ಸೆವಾನೀ ಆ ಸೀಸನ್‌ನಲ್ಲಿ ಒಟ್ಟು 322 ಅಂಕ ಗಳಿಸಿ ಬಿಟ್ಟುಕೊಟ್ಟದ್ದು 10 ಮಾತ್ರ. ಆ ಹತ್ತೂ ಆಬರ್ನ್‌ಗೆ. ಆಗ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿದರೆ, 5 ಅಂಕ, ಅದರ ನಂತರದ ಕಿಕ್‌ಗೆ 1. ಪಂದ್ಯ ಮುಗಿದಾಗ ಸೆವಾನೀ 11, ಆಬರ್ನ್ 10. ಎರಡೇ ದಿನ ಬಿಟ್ಟು ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲೈನಾ ವಿರುದ್ಧ 5–0ರಲ್ಲಿ ಗೆದ್ದು ಸೀಸನ್ ಮುಗಿಸಿದರು.