ಚನ್ನಪಟ್ಟಣದ ಗೊಂಬೆಗೆ ಕೈಕಾಲು ಏಕಿಲ್ಲ?

ಪ್ರಶ್ನೆ: ಚನ್ನಪಟ್ಟಣದ ಗೊಂಬೆಗಳಿಗೆ ಕೈಕಾಲು ಏಕಿರುವುದಿಲ್ಲ? ಇದರ ಹಿಂದೆ ನಮ್ಮ ಪ್ರಾಚೀನ ಸಂಸ್ಕೃತಿಯ ಗೂಢಾರ್ಥವೇನಾದರೂ ಇದೆಯೇ?

ಉತ್ತರ: ದಸರೆ ಹತ್ತಿರವಾದಂತೆ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಅದೇ ಉತ್ತರ ಬರೆಯುತ್ತೇನೆ. ಕೈಕಾಲು ಇಲ್ಲದಿರುವುದಕ್ಕೆ ಮೊದಲ ಕಾರಣ ಗೂಢಾರ್ಥವಲ್ಲ, ಲೇತ್ ಯಂತ್ರ. ಒಣಗಿದ ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿ ಹಿಡಿದರೆ, ಉಳಿ ತಾಗಿದ ಕಡೆ ಮರವು ಸುತ್ತಲೂ ಸಮನಾಗಿ ಸವೆಯುತ್ತದೆ. ಕುತ್ತಿಗೆ, ಹೊಟ್ಟೆ, ಟೋಪಿ ಎಲ್ಲವೂ ಹೀಗೆ ಮೂಡಬಲ್ಲವು. ಪಕ್ಕಕ್ಕೆ ಚಾಚಿದ ಕೈ ಮಾತ್ರ ಮೂಡಲಾರದು, ಅದನ್ನು ಬೇರೆ ಮಾಡಿ ಜೋಡಿಸಬೇಕು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಅದು ಉಜ್ಜಾಟದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಸೀರೆಯ ಅಂಚಾಗಲಿ ಸೊಂಟದ ಪಟ್ಟಿಯಾಗಲಿ ಬಳೆಯಂತೆ ಸುತ್ತುವರಿದಿರುವುದು ಇದೇ ಕಾರಣಕ್ಕೆ.

ಇಷ್ಟು ಹೇಳಿದ ಮೇಲೂ, ಇದು ಸಾವಿರಾರು ವರ್ಷಗಳಿಂದ ಬದಲಾಗದೆ ಉಳಿದ ಅಪ್ಪಟ ದೇಶೀ ರೂಪವೆಂದು ವಾದಿಸುವವರು ಇದ್ದೇ ಇರುತ್ತಾರೆ. ದಯವಿಟ್ಟು ಚನ್ನಪಟ್ಟಣದವರು ತಮ್ಮ ಕಸುಬಿನ ಬಗ್ಗೆ ಏನು ಹೇಳಿಕೊಳ್ಳುತ್ತಾರೆಂಬುದನ್ನಾದರೂ ಕೇಳಿ. ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆ; ಅದನ್ನು ನಂಬಿದರೂ ನಾವು ತಲುಪುವುದು 18ನೆಯ ಶತಮಾನವನ್ನಷ್ಟೇ, ಅದೂ ಹೊರಗಿನಿಂದ ಬಂದ ವಿದ್ಯೆಯ ಮೂಲಕ. ಈ ಗೊಂಬೆಗಳ ಪಿತಾಮಹನೆಂದು ಊರು ನೆನೆಯುವ ಬಾವಾಸ್ ಮಿಯಾ ಅವರು ಜಪಾನಿನ ವಿಧಾನಗಳನ್ನು ಇಲ್ಲಿಗೆ ತಂದರೆಂಬ ಮಾತೂ ಇದೆ. ಜಪಾನಿನ ತೊಹೊಕು ಪ್ರಾಂತ್ಯದ ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ ಮರ ಕಡೆಯುವವರು ಮಾಡಿದ ಕೊಕೆಶಿ ಗೊಂಬೆಗಳಿಗೂ ದುಂಡುತಲೆ, ಕಂಬದಂಥ ಮೈ ಇವೆ, ಕೈಕಾಲಿನ ಸುಳಿವಿಲ್ಲ. ಹೋಲಿಕೆಯೊಂದೇ ಸಾಕ್ಷಿಯಾಗದು ಎಂಬುದನ್ನೂ ಸೇರಿಸಬೇಕು, ಏಕೆಂದರೆ ಮರ ತಿರುಗಿಸುವ ಯಂತ್ರ ಯಾವ ದೇಶದಲ್ಲಿದ್ದರೂ ಇಂಥದೇ ರೂಪ ಕೊಡುತ್ತದೆ. ಇನ್ನು ಭೌಗೋಳಿಕ ಸೂಚಕದ ಮಾನ್ಯತೆಯನ್ನು ಮುಂದಿಡುವವರಿಗೆ ಒಂದು ಮಾತು: ಆ ಮಾನ್ಯತೆ ಸಾಮಾನಿಗೂ ಊರಿಗೂ ಇರುವ ನಂಟನ್ನು ಗುರುತಿಸುತ್ತದೆ, ರೂಪ ಎಷ್ಟು ಪುರಾತನವೆಂದು ಪ್ರಮಾಣಪತ್ರ ಕೊಡುವುದಿಲ್ಲ.

ಹಾಗಾದರೆ ಗೊಂಬೆಯಲ್ಲಿ ಸಂಸ್ಕೃತಿಯೇ ಇಲ್ಲವೇ? ಧಾರಾಳವಾಗಿ ಇದೆ, ಆದರೆ ನೀವು ಹುಡುಕುವ ಜಾಗದಲ್ಲಿಲ್ಲ. ಲೇತಿನಿಂದ ಇಳಿದಾಗ ಗಂಡೂ ಹೆಣ್ಣೂ ಹೆಚ್ಚುಕಡಿಮೆ ಒಂದೇ ಕಂಬ. ಪೇಟ, ಮೀಸೆ ಬಂದರೆ ಅದು ವರ, ಹಣೆಬೊಟ್ಟು, ಸೆರಗು ಬಂದರೆ ವಧು. ಬಾರ್ಬಿಯ ದಾರಿ ಬೇರೆ: 1959ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಆ ಗೊಂಬೆಗೆ ಇಲ್ಲಿ ಸೀರೆ ಉಡಿಸಿದರೂ ಸಣ್ಣ ಸೊಂಟ, ನೀಳ ಕಾಲುಗಳು ಹಾಗೆಯೇ ಉಳಿದವು. ಅಲ್ಲಿ ಅರ್ಥವನ್ನು ಹೊರುವುದು ಮೈಕಟ್ಟು, ಇಲ್ಲಿ ಬಣ್ಣ. ಹಳೇ ಮೈಸೂರು ಕಡೆ ಮದುವೆಯಲ್ಲಿ ಮಗಳಿಗೆ ಕೊಡುವ ಪಟ್ಟದ ಗೊಂಬೆಗಳಿಗೆ ಕೈಕಾಲು ಇರುತ್ತವೆ, ಏಕೆಂದರೆ ಅವು ಕಡೆದವಲ್ಲ, ಕೆತ್ತಿದವು. ರಾಜ ರಾಣಿಯರ ಆ ಜೋಡಿಗೆ ಅರ್ಥ ಬರುವುದು ತವರಿನಿಂದ ಬಂದಿರುವುದರಿಂದ ಮತ್ತು ದಸರೆಯ ಮೆಟ್ಟಿಲುಗಳ ತುದಿಯಲ್ಲಿ ಕೂರುವುದರಿಂದ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಅಡುಗೆ ಆಟದ ಮರದ ಸಾಮಾನುಗಳಲ್ಲಿ ಬೀಸುಕಲ್ಲು, ಒರಳು, ಕೊಡ ಇಂದಿಗೂ ಏಕಿವೆ? ಮಿಕ್ಸಿಯ ಸದ್ದನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಬೀಸುಕಲ್ಲನ್ನು ನಾವೇ ವಿವರಿಸಬೇಕಾಗುತ್ತದೆ. ಕಾರಣದ ಒಂದು ಭಾಗ ಮತ್ತೆ ಲೇತ್: ಇವೆಲ್ಲ ದುಂಡಗಿನ ವಸ್ತುಗಳು, ಕಡೆಯುವುದು ಸುಲಭ, ಚೌಕದ ಗ್ಯಾಸ್ ಒಲೆಗೆ ಬೇರೆ ಕೆಲಸ ಬೇಕು. ಇನ್ನೊಂದು ಭಾಗ ಕೊಳ್ಳುವ ಹಿರಿಯರ ಹಂಬಲ, ಏಕೆಂದರೆ ಆಟಿಕೆಯನ್ನು ಆರಿಸುವುದು ಸಾಮಾನ್ಯವಾಗಿ ಮಗುವಲ್ಲ. ಬಾರ್ಬಿಯ ಸೊಂಟದ ಬಗ್ಗೆ ದೀರ್ಘ ಪತ್ರ ಬರೆಯುವವರು ಈ ಬೀಸುಕಲ್ಲನ್ನು ಮೊಮ್ಮಗಳ ಕೈಗೂ ಎತ್ತಿನ ಗಾಡಿಯನ್ನು ಮೊಮ್ಮಗನ ಕೈಗೂ ಕೊಡುವಾಗ, ಅಲ್ಲೊಂದು ಪಾಠ ನಡೆಯುತ್ತಿದೆಯೆಂದು ಅವರಿಗೆ ಅನ್ನಿಸುವುದೇ ಇಲ್ಲ. ಗೊಂಬೆ ಅಂಗಡಿಯಲ್ಲಿ ಬೆಲೆ ವಿಚಾರಿಸಿ ನೋಡಿ. ಅಂಗಡಿಯವರು ಮಗುವಿನ ವಯಸ್ಸಿಗಿಂತ ಮೊದಲು ಕೇಳುವುದು ಹೆಣ್ಣುಮಗುವಿಗೋ ಗಂಡುಮಗುವಿಗೋ ಎಂದು.